ಎಲೆಗೂ ದಂಡ, ನೀರಿಗೂ ದಂಡ

ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ ದಂಡ. ಮನೆ ಮುಂದೆ ಗುಡ್ಡೆ ಹಾಕಿದ ತರಗೆಲೆಯೂ ಕಸವೇ. ಬೆಂಗಳೂರಿನವರೇ ಆದ ಅಲ್ಮಿತ್ರಾ ಪಟೇಲ್ ಹೂಡಿದ್ದ ಪ್ರಕರಣದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರ್‌ನಲ್ಲಿ ದೇಶಕ್ಕೆಲ್ಲ ಗೊತ್ತುಮಾಡಿದ ಮೊತ್ತ ಇದು. ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000. ಆಮೇಲೆ 2024ರ ಮಾರ್ಚ್ ಬಂತು. ಕೊಳವೆ ಬಾವಿಗಳು ಬತ್ತಿ, ಟ್ಯಾಂಕರಿನವರು ಹೇಳಿದ್ದೇ ದರವಾದಾಗ ಬೆಂಗಳೂರು ಜಲಮಂಡಳಿ ಆದೇಶ ಹೊರಡಿಸಿತು: ಕುಡಿಯುವ ನೀರಿನಲ್ಲಿ ಕಾರು ತೊಳೆಯುವಂತಿಲ್ಲ, ಕೈತೋಟಕ್ಕೆ ಹಾಯಿಸುವಂತಿಲ್ಲ. ತಪ್ಪಿದರೆ ದಂಡ, ಅದೂ 5,000. ಮರುವರ್ಷ ಫೆಬ್ರವರಿಯಲ್ಲಿ ಅದೇ ಆದೇಶ ಮತ್ತೆ ಬಂತು. ಎಲೆಗೊಂದು ಕಡೆಯಿಂದ, ನೀರಿಗೊಂದು ಕಡೆಯಿಂದ; ದರ ಮಾತ್ರ ಒಂದೇ. ಈ ಎರಡು ಆದೇಶಗಳನ್ನು ಅಕ್ಕಪಕ್ಕ ಇಟ್ಟು ಓದಿದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಸುಡಬಾರದ ಎಲೆಯನ್ನು ಗಿಡದ ಬುಡಕ್ಕೆ ಹರಡಿದರೆ, ಹಾಕಬಾರದ ನೀರು ಅಷ್ಟೊಂದು ಬೇಕಾಗುವುದೇ ಇಲ್ಲ.

ಎಕರೆಗಟ್ಟಲೆ ತೋಟ ಇಟ್ಟವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ನಾನು ಹೇಳುತ್ತಿರುವುದು ಮೂವತ್ತು-ನಲವತ್ತರ ಸೈಟಿನ ಮಾತು. ಮನೆ, ಕಾರು, ಸಂಪು ಎಲ್ಲ ಕೂತ ಮೇಲೆ ಕಾಂಪೌಂಡ್ ಗೋಡೆಯುದ್ದಕ್ಕೂ ಒಂದೂವರೆ ಅಡಿ ಅಗಲದ ಮಣ್ಣು ಉಳಿದಿರುತ್ತದಲ್ಲ, ಆ ಅಂಚಿನ ಪಾತಿ. ಅಲ್ಲೊಂದು ದಾಸವಾಳ, ಒಂದು ನಂದಿಬಟ್ಟಲು, ನಾಲ್ಕು ಕ್ರೋಟನ್, ಮೂಲೆಯಲ್ಲಿ ಕರಿಬೇವು. ಮನೆಯಂಗಳದ ಅಷ್ಟೂ ಮಣ್ಣಿನಲ್ಲಿ ಮೊದಲು ಒಣಗುವುದು ಇದೇ. ಗೋಡೆ ಮಧ್ಯಾಹ್ನವಿಡೀ ಕಾದು, ಆ ಕಾವನ್ನು ಕತ್ತಲಾದ ಮೇಲೂ ಪಾತಿಯ ಮೇಲೆ ಬಿಡುತ್ತಲೇ ಇರುತ್ತದೆ. ಸಜ್ಜೆಯ ಮರೆಗೆ ಸಿಕ್ಕ ಕಡೆ ಮಳೆಹನಿಯೇ ತಾಗುವುದಿಲ್ಲ. ಅಂಗಳಕ್ಕೆ ಬಿದ್ದ ಮಳೆಯನ್ನು ಟೈಲ್ಸಿನ ಇಳಿಜಾರು ನೆಟ್ಟಗೆ ಗೇಟಿನಾಚೆಯ ಚರಂಡಿಗೆ ಕಳಿಸುತ್ತದೆ. ಆರಿಂಚು ಅಗೆದರೆ ಇಟ್ಟಿಗೆ ಚೂರು, ಒಣಗಿದ ಗಾರೆ, ಜಲ್ಲಿ. ಮನೆ ಕಟ್ಟಿದ ಮೇಸ್ತ್ರಿ ಬಿಟ್ಟುಹೋದ ಆಸ್ತಿ. ಸಾಲದ್ದಕ್ಕೆ ಪಕ್ಕದ ಮನೆಯ ತೆಂಗಿನ ಬೇರು ಗೋಡೆಯಡಿಯಿಂದ ನುಸುಳಿ ಬಂದು ನಮ್ಮ ಪೈಪಿನ ನೀರನ್ನು ಕುಡಿಯುತ್ತಿರುತ್ತದೆ. ಹಾಗಾಗಿ ಬೆಳಿಗ್ಗೆ ಹಾಯಿಸಿದ್ದು ಸಂಜೆಗೆ ಕಾಣುವುದಿಲ್ಲ, ನಾವು ಮತ್ತೆ ಪೈಪು ಹಿಡಿಯುತ್ತೇವೆ.

ಬಿಸಿಲಿಗೆ ತೆರೆದುಕೊಂಡ ಮಣ್ಣು ಮೇಲಿಂದ ಒಣಗುತ್ತಾ ಬರುತ್ತದೆ. ಆಗ ಕಣ್ಣಿಗೆ ಕಾಣದಷ್ಟು ಸಣ್ಣ ಸಂದುಗಳ ಮೂಲಕ ಕೆಳಗಿನ ತೇವ ಮೇಲೇರಿ ಬಂದು ಅದೂ ಆವಿಯಾಗುತ್ತದೆ. ಈ ದಾರಿಯನ್ನು ಕಡಿದುಹಾಕಬೇಕು, ಬಿಸಿಲು ಮತ್ತು ಗಾಳಿ ಮಣ್ಣಿಗೆ ನೇರ ತಾಗದ ಹಾಗೆ ನೋಡಿಕೊಳ್ಳಬೇಕು. ಹೊದಿಕೆ ಎಂದರೆ ಇಷ್ಟೇ. ಇದನ್ನು ಮುಚ್ಚಿಗೆ ಎನ್ನುವವರಿದ್ದಾರೆ, ಮಲ್ಚಿಂಗ್ ಎನ್ನುವವರು ಈಗ ಅವರಿಗಿಂತ ಹೆಚ್ಚು.

ನಮ್ಮ ಬಯಲುಸೀಮೆಯ ರೈತರು ಇದನ್ನು ಏನೂ ಹೊದಿಸದೆಯೇ ಸಾಧಿಸಿದವರು. ವಿಜಯಪುರದ ಕಡೆ ಹಿಂಗಾರಿನ ಬಿಳಿಜೋಳ ನಿಲ್ಲುವುದು ಮಳೆಯ ಮೇಲಲ್ಲ, ಎರೆಮಣ್ಣು ಒಳಗೆ ಹಿಡಿದಿಟ್ಟ ತೇವದ ಮೇಲೆ. ಬಿತ್ತಿದ ಮೇಲೆ ಸಾಲುಗಳ ನಡುವೆ ಮತ್ತೆ ಮತ್ತೆ ಎಡೆಕುಂಟೆ ಹೊಡೆಯುತ್ತಾರೆ. ಕಳೆ ಹೋಗಲಿ ಎಂಬುದು ಒಂದು ಲೆಕ್ಕ. ಬಿರುಕು ಮುಚ್ಚಲಿ, ಮೇಲಿನ ಎರಡಿಂಚು ಮಣ್ಣು ಪುಡಿಯಾಗಿ ಕೆಳಗಿನ ತೇವಕ್ಕೆ ಅದೇ ಮುಚ್ಚಳವಾಗಲಿ ಎಂಬುದು ದೊಡ್ಡ ಲೆಕ್ಕ. ಬ್ರಿಟಿಷ್ ಸರ್ಕಾರ 1930ರ ದಶಕದಲ್ಲಿ ಒಣಬೇಸಾಯದ ಸಂಶೋಧನಾ ಕೇಂದ್ರಗಳನ್ನು ತೆರೆಯಲು ಹೊರಟಾಗ ವಿಜಯಪುರ, ಹಗರಿ, ರಾಯಚೂರುಗಳನ್ನು ಆರಿಸಿಕೊಂಡದ್ದು ಸುಮ್ಮನೆ ಅಲ್ಲ. ಕಲಿಯುವುದಕ್ಕೆ ಅಲ್ಲಿನ ಹೊಲಗಳಲ್ಲಿ ಸಾಕಷ್ಟಿತ್ತು.

ಗದಗ, ಕೊಪ್ಪಳದ ಕೆಲವು ಊರುಗಳಲ್ಲಿ ಇದಕ್ಕಿಂತ ಸೋಜಿಗದ್ದೊಂದಿದೆ. ಎರೆಹೊಲಕ್ಕೆ ಹಳ್ಳದ ಉಸುಕು ಹೇರಿ ತಂದು ಹರಡುತ್ತಾರೆ. ಹೊಲಕ್ಕೆ ಮರಳು ಹಾಕುವವರನ್ನು ಮೊದಲ ಸಲ ನೋಡಿದವರು ತಲೆ ಕೆಟ್ಟಿದೆಯೇ ಎಂದುಕೊಂಡಾರು. ಆದರೆ ಅದರ ಹಿಂದಿನ ವಿಚಾರ ಬಲು ಗಟ್ಟಿ. ಬರೀ ಎರೆಮಣ್ಣಿನ ಮೇಲೆ ಜೋರು ಮಳೆ ಬಿದ್ದರೆ ಮೇಲ್ಮೈ ಕೆನೆಗಟ್ಟಿ ಮುಚ್ಚಿಕೊಳ್ಳುತ್ತದೆ, ನೀರು ಹರಿದುಹೋಗುತ್ತದೆ; ಒಣಗಿದಾಗ ಕೈ ಹೋಗುವಷ್ಟು ಬಾಯಿ ಬಿಡುತ್ತದೆ, ಆ ಬಿರುಕಿನಿಂದ ಒಳಗಿನ ತೇವವೂ ಹೋಗುತ್ತದೆ. ಉಸುಕಿನ ಪದರವಿದ್ದರೆ ಬಿದ್ದ ಹನಿ ಹರಳುಗಳ ನಡುವೆ ಜಾರಿ ಕೆಳಗಿಳಿಯುತ್ತದೆ. ವಾಪಸ್ ಬರಲು ಮಾತ್ರ ದಾರಿಯಿಲ್ಲ, ಯಾಕೆಂದರೆ ಉಸುಕಿನ ಸಂದುಗಳು ದೊಡ್ಡವು, ತೇವವನ್ನು ಮೇಲಕ್ಕೆ ಎಳೆಯುವ ಶಕ್ತಿ ಅವಕ್ಕಿಲ್ಲ. ಒಳಗೆ ಬಿಡುವುದು, ಹೊರಗೆ ಬಿಡದಿರುವುದು: ಯಾವುದೇ ಹೊದಿಕೆಗೆ ಇಡಬೇಕಾದ ಪರೀಕ್ಷೆ ಇದು. ನರ್ಸರಿಯಲ್ಲಿ ನಾವು ಎರಡನೆಯದನ್ನು ಮಾತ್ರ ಕೇಳುತ್ತೇವೆ, ಮೊದಲನೆಯದನ್ನು ಮರೆಯುತ್ತೇವೆ. ಮುಚ್ಚುವುದಕ್ಕೇನು, ಟಾರ್ಪಾಲು ಹಾಸಿದರೂ ಮುಚ್ಚುತ್ತದೆ.

ಮಲೆನಾಡಿನವರ ದಾರಿ ಬೇರೆ. ಅವರಿಗೆ ಎಲೆಯೇ ಬಂಡವಾಳ. ಉತ್ತರ ಕನ್ನಡದ ಘಟ್ಟದ ಮೇಲೆ ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆವರೆಗೆ ಸೊಪ್ಪಿನ ಬೆಟ್ಟ ಬಿಟ್ಟುಕೊಟ್ಟ ವ್ಯವಸ್ಥೆಯಿದೆ. ಕರಾವಳಿಯ ಕುಮ್ಕಿ, ಕೊಡಗಿನ ಬಾಣೆ ಕೂಡ ಇದೇ ಜಾತಿಯ ಹಕ್ಕುಗಳು. 1964ರ ಭೂಕಂದಾಯ ಕಾಯ್ದೆಯಲ್ಲೂ ಅವಕ್ಕೆ ಜಾಗ ಸಿಕ್ಕಿದೆ. ಬೇಸಿಗೆಗೆ ಮುಂಚೆ ದರಕು, ಅಂದರೆ ಉದುರಿದ ತರಗೆಲೆ, ಗುಡಿಸಿ, ಹೊತ್ತು ತಂದು, ಕೊಟ್ಟಿಗೆಗೆ ಹಾಸಿ, ಅಲ್ಲಿಂದ ಗೊಬ್ಬರದ ಗುಂಡಿ, ಗುಂಡಿಯಿಂದ ಮರದ ಬುಡ. ಒಂದು ಎಕರೆಯ ಬಾಯಾರಿಕೆಗೆ ಒಂಬತ್ತು ಎಕರೆಯ ಎಲೆ! ಬೆಟ್ಟ ಬೋಳಾಯಿತು ಎಂಬ ದೂರೂ ಇದರ ಜೊತೆಗೇ ಇದೆ, ಅದನ್ನು ತಳ್ಳಿಹಾಕುವಂತಿಲ್ಲ. ಆದರೆ ಎಲೆಗೆ ಕಂದಾಯದ ಕಾಗದದಲ್ಲಿ ಬೆಲೆ ಕಟ್ಟಿದ ನಾಡಿನಲ್ಲೇ ಪೇಟೆ ಮನೆಯವರು ಅದನ್ನು ಕಪ್ಪು ಚೀಲಕ್ಕೆ ತುಂಬಿ ಕಸದ ಗಾಡಿಗೆ ಕೊಡುತ್ತಾರೆ, ಕೊಟ್ಟು ಬಂದು ಅಂಗಡಿಯಿಂದ ಕೊಕೊಪೀಟ್ ತರುತ್ತಾರೆ.

ಕೊಕೊಪೀಟ್ ಮೇಲೆ ನನಗೆ ದ್ವೇಷವಿಲ್ಲ. ತನ್ನ ತೂಕದ ಎಂಟು ಪಟ್ಟು ನೀರು ಹಿಡಿಯುವ ಪದಾರ್ಥ ಅದು. ಕುಂಡದ ಮಣ್ಣಿಗೆ ಬೆರೆಸಲಿ, ಸಸಿ ಮಾಡಲಿ, ಬಹಳ ಒಳ್ಳೆಯದು. ಪಾತಿಯ ಮೇಲೆ ಹಾಸುವುದಕ್ಕೆ ಮಾತ್ರ ಆ ಗುಣವೇ ಅವಗುಣ. ಹಿಡಿದ ನೀರನ್ನು ಮೇಲೇ ಇಟ್ಟುಕೊಂಡು ಬಿಸಿಲಿಗೆ ಒಪ್ಪಿಸುತ್ತದೆ, ಪೂರ್ತಿ ಒಣಗಿದ ಮೇಲೆ ಗಾಳಿಗೆ ಹಾರುತ್ತದೆ, ಮತ್ತೆ ನೀರು ಹಾಕಿದರೆ ಬೇಗ ನೆನೆಯಲು ಒಪ್ಪುವುದಿಲ್ಲ. ಸರಿಯಾಗಿ ತೊಳೆಯದ ಮಾಲಾದರೆ ಉಪ್ಪಿನಂಶ ಬೇರೆ.

ಬಿಳಿ ಕಲ್ಲುಗಳ ವಿಚಾರ ತುಸು ಬೇರೆ. ಉಸುಕಿನ ಹೊಲದ ತರ್ಕ ಅವಕ್ಕೂ ಅನ್ವಯಿಸುತ್ತದೆ, ತೇವ ಉಳಿಸುತ್ತವೆ ಎಂಬುದು ನಿಜ. ಆದರೆ ಅಲಂಕಾರಕ್ಕೆ ಒಂದೇ ವರಸೆ ಹರಡಿ ಸಂದಿನಲ್ಲಿ ಮಣ್ಣು ಕಾಣುವಂತೆ ಬಿಟ್ಟರೆ ಏನೂ ಉಪಯೋಗವಿಲ್ಲ. ಎರಡಿಂಚು ದಪ್ಪ ಹಾಕಿದರೆ ಖರ್ಚು ಗಿಡಗಳ ಬೆಲೆ ಮೀರುತ್ತದೆ. ಮೊದಲೇ ಕಾದ ಗೋಡೆಯ ಬುಡದಲ್ಲಿ ಕಾಯುವ ಕಲ್ಲು ಇನ್ನಷ್ಟು ಬೇಡ. ಎಷ್ಟು ವರ್ಷ ಬಿದ್ದಿದ್ದರೂ ಅದು ಮಣ್ಣಿಗೆ ಏನನ್ನೂ ಕೊಡುವುದಿಲ್ಲ. ಕೋಲಾರ, ಚಿಕ್ಕಬಳ್ಳಾಪುರದ ಟೊಮೆಟೊ, ಕ್ಯಾಪ್ಸಿಕಂ ಹೊಲಗಳಲ್ಲಿ ಮಿನುಗುವ ಬೆಳ್ಳಿ-ಕಪ್ಪು ಪ್ಲಾಸ್ಟಿಕ್ ಹಾಳೆಯನ್ನು ಕಂಡು ಅದನ್ನೇ ಮನೆಗೂ ತರಲೇ ಎನ್ನುವವರಿದ್ದಾರೆ. ಅಲ್ಲಿ ಹಾಳೆಯ ಕೆಳಗೆ ಹನಿ ನೀರಾವರಿಯ ಪೈಪು ಇರುತ್ತದೆ. ಅದಿಲ್ಲದೆ ಹಾಳೆ ಹಾಸಿದರೆ ಮಳೆ ಬಂದಾಗಲೂ ಗಿಡ ಉಪವಾಸ. ಮರದ ಹೊಟ್ಟು ಸಿಕ್ಕಿದರೆ ಹಾಕಬಹುದು, ಆದರೆ ಮಣ್ಣಿಗೆ ಬೆರೆಸಬಾರದು; ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಗಿಡಕ್ಕೆ ಸೇರಬೇಕಾದ ಸಾರಜನಕವನ್ನು ತಾವೇ ಬಳಸಿಕೊಳ್ಳುವುದರಿಂದ ಎಲೆಗಳು ಹಳದಿಯಾಗುತ್ತವೆ. ಪ್ಲೈವುಡ್ ಕೊಯ್ದ ಹೊಟ್ಟಂತೂ ಬೇಡವೇ ಬೇಡ. ಹಸಿ ಹುಲ್ಲಿನ ಕತ್ತರಿಕೆಯನ್ನು ಒಣಗಿಸದೆ ದಪ್ಪ ಹಾಕಿದರೆ ಎರಡೇ ದಿನಕ್ಕೆ ಬಿಸಿಯೇರಿ ಲೋಳೆಯಾಗಿ ನಾರುತ್ತದೆ. ನೆನೆಸಿದ ಹಳೆಯ ದಿನಪತ್ರಿಕೆ ನಾಲ್ಕೈದು ಹಾಳೆ ಹಾಸಿ ಮೇಲೆ ಎಲೆ ಮುಚ್ಚಿದರೆ ಕಳೆ ಏಳುವುದಿಲ್ಲ. ಹೊಳೆಯುವ ಪುರವಣಿ ಬೇಡ, ಈ ಅಂಕಣ ಇರುವ ಪುಟ ಧಾರಾಳವಾಗಿ ಆಗುತ್ತದೆ.

ನನ್ನ ಓಟು ತರಗೆಲೆಗೆ. ಆದರೆ ಎಲ್ಲ ಎಲೆಯೂ ಒಂದೇ ಅಲ್ಲ. ಮಳೆಮರ, ಗುಲ್‌ಮೊಹರ್‌ಗಳ ಕಿರುಎಲೆ ಜಾಲರಿಯಂತೆ ಕೂತು ನೀರನ್ನು ಸಲೀಸಾಗಿ ಬಿಡುತ್ತದೆ, ಬೇಗ ಕರಗುತ್ತದೆ. ಹೊಂಗೆ ದ್ವಿದಳ ಜಾತಿಯದು, ಒಂದು ಮಳೆಗಾಲದಲ್ಲಿ ಕೊಳೆತು ಗೊಬ್ಬರವಾಗುತ್ತದೆ. ಮಾವು, ಹಲಸು ಗಡಸು. ಒಣಗಿ ಮುರುಟಿಕೊಳ್ಳುವುದರಿಂದ ನಡುವೆ ಗಾಳಿಯಾಡುತ್ತದೆ, ಬಾಳಿಕೆಯೂ ಹೆಚ್ಚು. ಬಿದಿರಿನ ಎಲೆ ಇನ್ನೂ ಗಟ್ಟಿ. ತೊಂದರೆ ಕೊಡುವುದು ಬಾದಾಮಿ ಮತ್ತು ತೇಗ. ಅಂಗೈಯಗಲದ ಈ ಎಲೆಗಳು ಒಂದರ ಮೇಲೊಂದು ಹೆಂಚಿನ ಹಾಗೆ ಕೂತು ನೀರನ್ನು ಪಕ್ಕಕ್ಕೆ ಜಾರಿಸಿಬಿಡುತ್ತವೆ. ಹಾಕಲೇಬೇಕೆಂದರೆ ಗೋಣಿಚೀಲಕ್ಕೆ ತುಂಬಿ ಚೆನ್ನಾಗಿ ತುಳಿದು ಪುಡಿ ಮಾಡಿ ಹಾಕಿ. ಮಕ್ಕಳಿದ್ದರೆ ಈ ಕೆಲಸಕ್ಕೆ ಕರೆಯಬೇಕಾದ್ದೇ ಇಲ್ಲ. ನೀಲಗಿರಿ ಎಲೆ ಸಸಿಗಳ ಹತ್ತಿರ ಬೇಡ, ಮೊಳಕೆಯನ್ನು ಹತ್ತಿಕ್ಕುವ ಗುಣ ಅದಕ್ಕಿದೆ. ಎರಡು ಮೂರು ಬಗೆ ಬೆರೆಸಿದರೆ ಎಲ್ಲಕ್ಕಿಂತ ಒಳ್ಳೆಯದು. ಗಡಸು ಎಲೆ ಮೇಲೆ ನಿಲ್ಲುತ್ತದೆ, ಮೆತ್ತನೆಯದು ಕೆಳಗೆ ಕರಗುತ್ತಾ ಹೋಗುತ್ತದೆ.

ಒಂದೆರಡು ತಿಂಗಳು ಬಿಟ್ಟು ಆ ಹೊದಿಕೆಯನ್ನು ಬೆರಳಿನಿಂದ ಎತ್ತಿ ನೋಡಿ. ಮೇಲಿನ ಎಲೆ ಗರಿಗರಿ, ಮುಟ್ಟಿದರೆ ಸದ್ದು ಮಾಡುತ್ತದೆ. ಅದರಡಿಯದು ಮೆತ್ತಗೆ, ಕಂದು, ನರಗಳು ಮಾತ್ರ ಉಳಿದಿವೆ. ಅದಕ್ಕೂ ಕೆಳಗೆ ಬಿಳಿಯ ನೂಲಿನಂಥ ಬೂಷ್ಟು ಎಲೆಯಿಂದ ಎಲೆಗೆ ಹರಡಿದೆ. ಅದನ್ನು ಕಂಡು ರೋಗವೆಂದು ಔಷಧಿ ಹೊಡೆಯಬೇಡಿ, ಕೊಳೆಸುವ ಕೆಲಸ ನಡೆಸುತ್ತಿರುವುದು ಅದೇ. ಮಣ್ಣಿಗೆ ತಾಗಿದ ಕಡೆ ಎರೆಹುಳು ಹಾಕಿದ ಸಣ್ಣ ಸಣ್ಣ ಗುಳಿಗೆಗಳು. ಅಲ್ಲಿ ಬೆರಳು ಒತ್ತಿದರೆ ಇಳಿಯುತ್ತದೆ. ಪಕ್ಕದಲ್ಲೇ ಬರಿದಾಗಿ ಬಿಟ್ಟ ಜಾಗದಲ್ಲಿ ಒತ್ತಿ, ಉಗುರು ನೋಯುತ್ತದೆ.

ಎಲೆ ಸಾಲದಿದ್ದರೆ ತೆಂಗಿನ ಸಿಪ್ಪೆ. ಇದರ ಮಟ್ಟಿಗೆ ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರ ಶಿಫಾರಸು ನೋಡಬೇಕು. ಒಂದು ತೆಂಗಿನ ಮರದ ಪಾತಿ ತುಂಬ ಒಂದು ವರಸೆ ಹಾಸಲು 250ರಿಂದ 300 ಸಿಪ್ಪೆ, ಪರಿಣಾಮ 5ರಿಂದ 7 ವರ್ಷ. ನಮ್ಮ ಅಂಚಿನ ಪಾತಿಗೆ ಅಷ್ಟು ಬೇಡ, ಅಡುಗೆ ಮನೆಯಲ್ಲಿ ಉಳಿದದ್ದೇ ಸಾಕು. ಗಮನಿಸಬೇಕಾದದ್ದು ಅದನ್ನು ಇಡುವ ರೀತಿ. ಮಣ್ಣೊಳಗೆ ಹೂಳುವುದಾದರೆ ಕುಳಿ ಮೇಲ್ಮುಖವಾಗಿರಲಿ, ನೀರು ಹಿಡಿಯುತ್ತದೆ. ಮಣ್ಣಿನ ಮೇಲೆ ಹಾಸುವುದಾದರೆ ಬೆನ್ನು ಮೇಲೆ, ಕುಳಿ ಕೆಳಗೆ. ತಿರುವುಮುರುವಾದರೆ ಪ್ರತಿ ಸಿಪ್ಪೆಯೂ ಡೆಂಗಿ ಸೊಳ್ಳೆಯ ತೊಟ್ಟಿಲು. ಎಳನೀರು ಬುರುಡೆಯನ್ನಂತೂ ಹೋಳು ಮಾಡದೆ ಹಾಕಲೇಬಾರದು. ರಾಜ್ಯ ಸರ್ಕಾರ 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ಎಂದು ಘೋಷಿಸಿ, ಸೊಳ್ಳೆ ಬೆಳೆಯುವಂತೆ ನೀರು ನಿಲ್ಲಿಸಿದ ನಗರದ ಮನೆಗಳಿಗೆ 400 ರೂಪಾಯಿ ದಂಡ ಗೊತ್ತುಮಾಡಿತು. ಎಲೆಗೆ ಐದು ಸಾವಿರ, ನೀರಿಗೆ ಐದು ಸಾವಿರ, ಸಿಪ್ಪೆಗೆ ನಾನೂರು. ಕೈತೋಟ ಇಟ್ಟವನ ಕಿಸೆಯ ಮೇಲೆ ಕಾನೂನಿಗೆ ಇಷ್ಟೊಂದು ಅಕ್ಕರೆ ಇರುವುದು ಗೊತ್ತಿರಲಿಲ್ಲ.

ಯಾವುದನ್ನು ಹಾಕುತ್ತೀರಿ ಎಂಬುದರಷ್ಟೇ ಮುಖ್ಯ, ಯಾವಾಗ ಹಾಕುತ್ತೀರಿ ಎಂಬುದು. ತೆಂಗಿನವರಿಗೆ ಕಾಸರಗೋಡಿನ ಸಂಸ್ಥೆ ಹೇಳುವುದು ಮಳೆಗಾಲ ಮುಗಿಯುವ ಮುನ್ನ ಹಾಸಿ ಎಂದು. ಹೊದಿಕೆ ತೇವವನ್ನು ಹುಟ್ಟಿಸುವುದಿಲ್ಲ, ಇರುವುದನ್ನು ಕಾಯುತ್ತದೆ ಅಷ್ಟೇ. ಏಪ್ರಿಲ್‌ನಲ್ಲಿ ಸುಟ್ಟ ಹೆಂಚಿನಂತಾದ ಮಣ್ಣಿನ ಮೇಲೆ ಮೂರಿಂಚು ಒಣ ಎಲೆ ಸುರಿದರೆ ನೀವು ಕಾಪಾಡುತ್ತಿರುವುದು ಒಣತನವನ್ನು. ಮಾವಿನ ಹೊಯ್ಲಿನ ನಾಲ್ಕು ಹನಿಯನ್ನೂ ಆ ಎಲೆಯೇ ಹೀರಿಕೊಂಡು ಬುಡಕ್ಕೆ ಏನೂ ಬಿಡುವುದಿಲ್ಲ. ಬೆಂಗಳೂರು, ಮೈಸೂರಿನ ಕಡೆ ಒಳ್ಳೆಯ ಮಳೆ ಬೀಳುವುದು ಸೆಪ್ಟೆಂಬರ್-ಅಕ್ಟೋಬರಿನಲ್ಲಿ, ಹಾಗಾಗಿ ದೀಪಾವಳಿಯ ಹೊತ್ತಿಗೆ ಒಂದು ಸಲ ಹಾಸಿದರೆ ಸರಿಯಾದ ಕಾಲ. ಶಿವರಾತ್ರಿ ಕಳೆದು ಬೀದಿ ಮರಗಳು ಎಲೆ ಉದುರಿಸುವಾಗ ಎರಡನೆಯ ಕಂತು. ಆಗ ಮೊದಲು ಹಳೆಯ ಹೊದಿಕೆಯನ್ನು ಪಕ್ಕಕ್ಕೆ ಸರಿಸಿ, ಮಣ್ಣನ್ನು ಕೈಗುದ್ದಲಿಯಿಂದ ಕೆದಕಿ, ಆಳಕ್ಕಿಳಿಯುವಂತೆ ಸಾವಕಾಶವಾಗಿ ನೀರು ಕೊಡಿ. ಅಕ್ಕಿ-ಬೇಳೆ ತೊಳೆದ ನೀರು ಆಗುತ್ತದೆ, ಅಪಾರ್ಟ್‌ಮೆಂಟಿನ ಶುದ್ಧೀಕರಿಸಿದ ನೀರು ಆಗುತ್ತದೆ. ಆರ್‌ಒ ಯಂತ್ರ ಹೊರಹಾಕುವ ನೀರನ್ನು ದಿನವೂ ಹಾಕಬೇಡಿ, ಅದರಲ್ಲಿ ಉಪ್ಪು ಹೆಚ್ಚು. ಆಮೇಲೆ ಎರಡು-ಮೂರು ಇಂಚು ಎಲೆ. ಕಾಂಡದ ಸುತ್ತ ಮೂರು ಬೆರಳಗಲ ಖಾಲಿ ಬಿಡಿ, ಇಲ್ಲವಾದರೆ ಬುಡ ಕೊಳೆಯುತ್ತದೆ. ಮೇಲೊಂದಿಷ್ಟು ಸಗಣಿ ನೀರು ಚಿಮುಕಿಸಿದರೆ ಎಲೆ ಹಾರುವುದಿಲ್ಲ, ಬೇಗ ಕೂಡ ಕಳಿಯುತ್ತದೆ.

ಎಲೆ ಹಾಕಿದರೆ ಹಾವು ಬರುತ್ತದೆ, ಗೆದ್ದಲು ಬರುತ್ತದೆ ಎಂದು ಮನೆಯ ಹಿರಿಯರು ಹೇಳುವುದುಂಟು. ಹಾವು ಹೆಚ್ಚಾಗಿ ಅಡಗುವುದು ಮೊಣಕಾಲೆತ್ತರದ ಗುಡ್ಡೆಯಲ್ಲಿ, ಮೂರಿಂಚಿನ ಹಾಸಿನಲ್ಲಿ ಕಡಿಮೆ. ಸಿಪ್ಪೆಯ ಕೆಳಗೆ ಚೇಳಿರಬಹುದು, ಕೋಲಿನಿಂದ ಎತ್ತಿ. ಗೆದ್ದಲಿಗೆ ಮೊದಲ ಆಯ್ಕೆ ಒಣಗಿದ್ದು, ಸತ್ತದ್ದು. ಚೆನ್ನಾಗಿ ತೇವವಿರುವ ಜೀವಂತ ಗಿಡದ ತಂಟೆಗೆ ಅದು ಹೋಗುವುದು ಅಪರೂಪ. ಬಾಗಿಲ ಚೌಕಟ್ಟು, ಮರದ ಕಂಬ ಇರುವ ಕಡೆ ಹೊದಿಕೆ ದೂರವಿಡಿ ಅಷ್ಟೇ. ನಾನು ನಿಜವಾಗಿ ಹೆದರುವುದು ಆಫ್ರಿಕಾದ ದೊಡ್ಡ ಬಸವನಹುಳಕ್ಕೆ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ದಪ್ಪ ಹೊದಿಕೆ ಅದಕ್ಕೆ ಹಗಲು ಮಲಗುವ ಕೋಣೆ. ಆಗ ಎಲೆಯನ್ನು ಕೆದರಿ ತೆಳುವಾಗಿಸಬೇಕು, ಹೆಚ್ಚಾದದ್ದನ್ನು ಗೊಬ್ಬರದ ಗುಂಡಿಗೆ ಎಳೆಯಬೇಕು, ರಾತ್ರಿ ಟಾರ್ಚ್ ಹಿಡಿದು ಹುಳುಗಳನ್ನು ಆಯಬೇಕು. ಬರಿಗೈಯಲ್ಲಿ ಮುಟ್ಟಬೇಡಿ.

ಎಲೆ ಎಲ್ಲಿಂದ ತರುವುದು ಎಂದು ಕೇಳುವವರ ಮನೆ ಮುಂದೆಯೇ ದಿನ ಬೆಳಿಗ್ಗೆ ಆರಕ್ಕೆ ಅದರ ಗುಡ್ಡೆ ಏಳುತ್ತದೆ. ಬೀದಿ ಗುಡಿಸುವ ಪೌರಕಾರ್ಮಿಕರನ್ನು ನಾಳೆ ಮಾತನಾಡಿಸಿ. ಅಷ್ಟು ಎಲೆ ತುಂಬಿ ಸಾಗಿಸುವುದು ಅವರಿಗೂ ಹೊರೆ, ಎರಡು ಚೀಲ ಕೇಳಿದರೆ ಕೊಡುತ್ತಾರೆ. ಚೀಲ ನಿಮ್ಮದೇ ಒಯ್ಯಿರಿ, ಒಂದು ಲೋಟ ಕಾಫಿಯನ್ನೂ. ಮನೆಗೆ ತಂದ ಮೇಲೆ ಗುಟ್ಕಾ ಚೀಟಿ, ಬಾಟಲಿ ಮುಚ್ಚಳ, ಗಾಜಿನ ಚೂರುಗಳನ್ನು ಆರಿಸಿ ತೆಗೆದು ಪಾತಿಗೆ ಹರಡಿ.